ನಾಯಿಯ ಇಂಟರ್‌ಲ್ಯೂಕಿನ್-6 ಅಳೆಯಲು ಸಿದ್ಧ ಕಿಟ್ಟೋ, ಪ್ರತಿಕಾಯಗಳ ಜೋಡಿಯೋ?

ಗರ್ಭಕೋಶದಲ್ಲಿ ಕೀವು ತುಂಬಿದ ಹೆಣ್ಣುನಾಯಿಗಳ ಸೀರಂನಲ್ಲಿ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿದ್ರವ) ಇಂಟರ್‌ಲ್ಯೂಕಿನ್-6, ಅಂದರೆ ಉರಿಯೂತದ ಸಂಕೇತ ಸಾಗಿಸುವ ಪ್ರೋಟೀನ್, ಎಷ್ಟಿದೆಯೆಂದು ತಿಳಿಯಲು ಬೀದರಿನ ನಮ್ಮ ಪ್ರಯೋಗಾಲಯದಲ್ಲಿ ಮೂರು ಬಗೆಯ ಎಲಿಸಾ ಬಳಸಿ ನೋಡಿದೆ. ನಿರ್ದಿಷ್ಟ ಪ್ರೋಟೀನಿಗೆ ಅಂಟುವ ಪ್ರತಿಕಾಯಗಳಿಂದ ಅದನ್ನು ಹಿಡಿದು, ಬಣ್ಣದ ಮೂಲಕ ಅಳೆಯುವ ಪರೀಕ್ಷೆ ಇದು. ಒಂದು ಮನುಷ್ಯರಿಗೆಂದು ಮಾಡಿದ ಕಿಟ್. ಇನ್ನೊಂದು ನಾಯಿಗೆಂದೇ, ಪುಟ್ಟ ಕುಳಿಗಳ ಪ್ಲೇಟಿಗೆ ಪ್ರತಿಕಾಯ ಲೇಪಿಸಿ ಕಳುಹಿಸುವ ಸಿದ್ಧ ಕಿಟ್. ಮೂರನೆಯದರಲ್ಲಿ ಪ್ರತಿಕಾಯಗಳ ಜೋಡಿ ಮಾತ್ರ ಬರುತ್ತದೆ, ಲೇಪಿಸುವ ಕೆಲಸ ನಮ್ಮದು.

ಮನುಷ್ಯರ ಕಿಟ್ಟಿನ ಮಾತು ಬೇಗ ಮುಗಿಯುತ್ತದೆ. ಹೈದರಾಬಾದಿನಿಂದ ಬೇಗನೆ ತರಿಸಬಹುದು ಎಂಬುದೊಂದೇ ಅದರ ಗುಣ. ತೀವ್ರ ಜ್ವರವಿದ್ದ ನಾಯಿಯ ಸೀರಂ ಹಾಕಿದರೂ ಬಣ್ಣ ಖಾಲಿ ಕುಳಿಯಷ್ಟೇ. ಅದರ ಪ್ರತಿಕಾಯಗಳು ನಾಯಿಯ ಪ್ರೋಟೀನನ್ನು ಹಿಡಿಯುತ್ತಿಲ್ಲ ಎಂದಷ್ಟೇ ಇದರ ಅರ್ಥ. ‘ಉರಿಯೂತವಿಲ್ಲ’ ಎಂದು ಬರೆದುಕೊಂಡರೆ ಪ್ರಬಂಧವೇ ಸುಳ್ಳಾಗುತ್ತದೆ.

ನಿಜವಾದ ಪೈಪೋಟಿ ಉಳಿದೆರಡರದು. ತತ್ವ ಒಂದೇ: ಒಂದು ಪ್ರತಿಕಾಯ ಪ್ರೋಟೀನನ್ನು ಹಿಡಿದಿಡುತ್ತದೆ, ಇನ್ನೊಂದು ಅದರ ಮೇಲೆ ಕೂತು ಕಿಣ್ವದ ಮೂಲಕ ಬಣ್ಣ ಬರಿಸುತ್ತದೆ. ನೀಲಿ ಬಣ್ಣಕ್ಕೆ ಆಮ್ಲ ಸೇರಿಸಿದರೆ ಹಳದಿ. ಅದನ್ನು 450 ನ್ಯಾನೋಮೀಟರ್‌ನಲ್ಲಿ ಓದುತ್ತೇವೆ. ಅಳತೆ ಪಿಕೋಗ್ರಾಂಗಳಲ್ಲಿ, ಅಂದರೆ ಗ್ರಾಂನ ಲಕ್ಷ ಕೋಟಿಯಲ್ಲೊಂದು ಭಾಗದ ಲೆಕ್ಕದಲ್ಲಿ.

ಸಿದ್ಧ ಕಿಟ್ ಬೆಳಿಗ್ಗೆ ತೆರೆದರೆ ಸಂಜೆಯೊಳಗೆ ಅಂಕಿ ಕೈಗೆ ಬರುತ್ತದೆ. ಅದು ಕೊಡುವ ಮಾನದಂಡದ ವಕ್ರರೇಖೆಯೂ (ಗೊತ್ತಿರುವ ಪ್ರಮಾಣಕ್ಕೆ ಎಷ್ಟು ಬಣ್ಣವೆಂದು ತೋರಿಸುವ ರೇಖೆ) ಕಣ್ಣಿಗೆ ಹಬ್ಬ. ಆದರೆ ಆ ರೇಖೆ ಬಂದದ್ದು ಶುದ್ಧ ಪ್ರೋಟೀನನ್ನು ಬಫರ್ ಎಂಬ ಸರಳ ಲವಣದ್ರಾವಣದಲ್ಲಿ ಕರಗಿಸಿ. ನಾಯಿಯ ಸೀರಂ ಅಷ್ಟು ಸಾಧುವಲ್ಲ. ಅದೇ ಸೀರಂ ಅನ್ನು ಅರ್ಧಕ್ಕೆ, ಮತ್ತೆ ಕಾಲಿಗೆ ತೆಳುವಾಗಿಸಿ, ಬಂದ ಅಂಕಿಯನ್ನು ಅಷ್ಟೇ ಪಟ್ಟು ಹೆಚ್ಚಿಸಿದರೆ ಉತ್ತರ ಒಂದೇ ಇರಬೇಕು. ಇಲ್ಲಿ ತೆಳುವಾದಂತೆಲ್ಲ ಉತ್ತರ ಏರುತ್ತಲೇ ಹೋಯಿತು. ಸೀರಂಗೆ ಗೊತ್ತಿರುವಷ್ಟು ಪ್ರೋಟೀನನ್ನು ನಾವೇ ಬೆರೆಸಿ ಅಳೆದಾಗ ಬೆರೆಸಿದ್ದಕ್ಕಿಂತ ಬಹಳ ಕಡಿಮೆ ಮರಳಿ ಸಿಕ್ಕಿತು. ಸೀರಂನೊಳಗಿನ ಏನೋ ಅಡ್ಡ ಬರುತ್ತಿದೆ, ಕಿಟ್ಟಿನ ಕೈಪಿಡಿ ಅದರ ಸುದ್ದಿಯನ್ನೇ ಎತ್ತುವುದಿಲ್ಲ. ಹೊಳಪು ಕಾಗದದ ಕೈಪಿಡಿಗಳ ಬಗ್ಗೆ ನನ್ನ ಗೌರವ ಅಲ್ಲಿಗೇ ಇಳಿಯಿತು.

ಪ್ರತಿಕಾಯಗಳ ಜೋಡಿಯಲ್ಲಿ ದುಡಿಮೆ ಹೆಚ್ಚು. ರಾತ್ರಿಯಿಡೀ ಲೇಪನ, ಮರುದಿನ ಪ್ಲೇಟಿನಲ್ಲಿ ಪ್ರತಿಕಾಯ ಕೂರದೆ ಉಳಿದ ಜಾಗ ಮುಚ್ಚುವುದು, ಆಮೇಲೆ ಪರೀಕ್ಷೆ. ಆದರೆ ತೆಳುಗೊಳಿಸುವ ದ್ರವ ನಮ್ಮ ಆಯ್ಕೆಯದು. ಅದನ್ನು ಬದಲಿಸುತ್ತ ಹೋದಾಗ ಅರ್ಧ, ಕಾಲು ಎರಡೂ ಒಂದೇ ಉತ್ತರ ಕೊಡುವ ಹಂತ ಸಿಕ್ಕಿತು. ಹಲವು ಪ್ಲೇಟ್‌ಗಳ ಕೆಲಸವಿದ್ದರೆ ಖರ್ಚೂ ಕಡಿಮೆ. ಸಂಶೋಧನೆಗೆ ನನ್ನ ಮತ ಇದಕ್ಕೇ.

ಬೇಸಿಗೆ ಮಾತ್ರ ಇದರ ಶತ್ರು. ಮೇ ತಿಂಗಳಲ್ಲಿ ಕರೆಂಟ್ ಹೋಗಿ ಎಸಿ ನಿಂತರೆ ಪ್ಲೇಟಿನ ಅಂಚಿನ ಕುಳಿಗಳು ಬೇಗ ಬಿಸಿಯಾಗಿ, ಒಣಗಿ, ನಡುವಿನವುಗಳಿಗಿಂತ ಬೇರೆ ಅಂಕಿ ತೋರಿಸುತ್ತವೆ. ಪ್ಲೇಟಿಗೆ ಅಂಟುಹಾಳೆ ಹಚ್ಚಿ, ಅಂಚಿನ ಕುಳಿಗಳಿಗೆ ಬರೀ ಬಫರ್ ತುಂಬುತ್ತೇನೆ. 96ರಲ್ಲಿ 36 ಕುಳಿ ದಂಡ, ಇರಲಿ. ಎಲ್ಲ ಕುಳಿಗಳಿಗೂ ಸಮಾನ ಸಮಯ ಸಿಗುವಂತೆ ಆಮ್ಲವನ್ನು ಬಣ್ಣದ ದ್ರವ ಹಾಕಿದ ಕ್ರಮದಲ್ಲೇ, ಅದೇ ವೇಗದಲ್ಲಿ ಹಾಕಬೇಕು.

ಆರೋಗ್ಯವಂತ ನಾಯಿಗಳ ಅಂಕಿ ಹಲವು ಸಲ ಸಿದ್ಧ ಕಿಟ್, ಜೋಡಿ ಎರಡರಲ್ಲೂ ಪತ್ತೆಯ ಮಿತಿಗಿಂತ ಕೆಳಗಿರುತ್ತದೆ. ಅಲ್ಲಿ ಸೊನ್ನೆ ಬರೆಯಬಾರದು, ‘ಮಿತಿಗಿಂತ ಕಡಿಮೆ’ ಎಂದೇ ಬರೆಯಬೇಕು.

ಇಂದೇ ಚಿಕಿತ್ಸೆ ನಿರ್ಧರಿಸಬೇಕಾದ ವೈದ್ಯರು ಈ ಮೂರರಲ್ಲಿ ಯಾವುದಕ್ಕೂ ದುಡ್ಡು ಹಾಕಬೇಕಿಲ್ಲ. ಇಂಟರ್‌ಲ್ಯೂಕಿನ್-6ರ ಸಂಕೇತ ಸಿಕ್ಕ ಯಕೃತ್ತು ಸಿ-ರಿಯಾಕ್ಟಿವ್ ಪ್ರೋಟೀನ್ ಎಂಬ ಉರಿಯೂತದ ಸೂಚಕವನ್ನು ತಯಾರಿಸುತ್ತದೆ, ಅದನ್ನು ಅಳೆದರೆ ಸಾಕು. ನಾಯಿಗಳಲ್ಲಿ ಅದು ಕೆಲವೇ ಗಂಟೆಗಳಲ್ಲಿ ಏರುತ್ತದೆ, ಅಳೆಯುವುದೂ ಸುಲಭ. ಅದಕ್ಕೂ ನಾಯಿಯ ಸೀರಂನಲ್ಲಿ ಪರೀಕ್ಷಿಸಿದ ಕಿಟ್ಟನ್ನೇ ಕೇಳಿ ತರಿಸಿ.