ಹತ್ತರ ನಟ್ಟಿಗೆ ಹದಿನಾಲ್ಕು ಪಾನಾ: ಯಾವುದು ಎಲ್ಲಿ ಗೆದ್ದಿತು

ನನ್ನ ಗ್ಯಾರೇಜಿನ ಗೋಡೆಯಲ್ಲಿ 10 ಎಂಎಂ ನಟ್ಟು ತಿರುಗಿಸುವ ಸಾಮಾನು ಒಟ್ಟು 14 ಇವೆ. ಫಿಕ್ಸ್ ಪಾನಾ ಎರಡು, ರಿಂಗ್ ಪಾನಾ ಎರಡು, ಒಂದು ಕಡೆ ರಿಂಗ್ ಇನ್ನೊಂದು ಕಡೆ ಬಾಯಿ ಇರುವ ಕಾಂಬಿನೇಶನ್ ಎರಡು, ಟಿ ಪಾನಾ ಎರಡು, ಗೋಟಿ ಮೂರು. ಇವಲ್ಲದೆ ರ‍್ಯಾಚೆಟ್ ಪಾನಾ, ಅಡ್ಜಸ್ಟೆಬಲ್ ಪಾನಾ, ಜರ್ಮನಿಯ ಪ್ಲೈಯರ್ ರೆಂಚ್ ಒಂದೊಂದು. ಪಾನಾ ಅಂದರೆ ಸ್ಪ್ಯಾನರ್, ಗೋಟಿ ಅಂದರೆ ನಟ್ಟಿನ ಮೇಲೆ ಟೊಪ್ಪಿಯಂತೆ ಕೂರುವ ಸಾಕೆಟ್. ಪುಣೆಯ ಗ್ಯಾರೇಜುಗಳಲ್ಲಿ ಸಾಕೆಟ್ ಅಂತ ಕೇಳಿದರೆ ಹುಡುಗರು ಒಂದು ಕ್ಷಣ ಯೋಚಿಸುತ್ತಾರೆ. ಗೋಟಿ ಅಂದರೆ ತಕ್ಷಣ ಕೈಗೆ ಬರುತ್ತದೆ.

ಪುಣೆ ಪಕ್ಕದ ಕಾಳೇವಾಡಿಯಲ್ಲಿ ಬೈಕ್, ಸ್ಕೂಟರ್ ರಿಪೇರಿ ಮಾಡುವವನಿಗೆ ಇವುಗಳಲ್ಲಿ ನಾಲ್ಕು ಇದ್ದರೆ ಸಾಕು. ಆದರೆ ಯಾವ ನಾಲ್ಕು? ಅದನ್ನು ತಿಳಿಯೋಕೆ ನನಗೆ ಹದಿನಾಲ್ಕೂ ಬೇಕಾಯಿತು.

ನನಗೆ ಕೆಲಸ ಕಲಿಸಿದ್ದು ಸೋದರಮಾವ. ಇಂಡಿ ಕಡೆಯಿಂದ ಪುಣೆಗೆ ಬಂದು, ನಾನಾ ಪೇಟೆಯ ಸ್ಪೇರ್ ಪಾರ್ಟ್ಸ್ ಅಂಗಡಿಗಳ ನಡುವಿನ ಒಂದು ಗ್ಯಾರೇಜಿನಲ್ಲಿ ಕಲಿತವರು. ಈಗಲೂ ಸಂಜೆ ಬಂದು ಸ್ಟೂಲ್ ಮೇಲೆ ಕೂರುತ್ತಾರೆ. ಗೋಡೆ ನೋಡಿ ಒಮ್ಮೆ ಕೇಳಿದ್ದರು: "ಹತ್ತರ ನಟ್ಟಿಗಿ ಎಷ್ಟ್ ಪಾನಾ ಬೇಕೋ ತಮ್ಮಾ? ನಾ ಎರಡರಾಗ ಸಂಸಾರ ಮಾಡೀನಿ." ಆವತ್ತು ಉತ್ತರ ಕೊಡಲಿಲ್ಲ. ಆಮೇಲೆ ಎಲ್ಲವನ್ನೂ ಸಾಲಾಗಿ ಇಟ್ಟು ಪರೀಕ್ಷೆ ಮಾಡಲೇಬೇಕು ಅನ್ನಿಸಿತು.

ಹತ್ತನ್ನೇ ಯಾಕೆ ಆರಿಸಿದೆ ಅಂದರೆ, ನಮ್ಮ ರಸ್ತೆಯ ಬೈಕುಗಳಲ್ಲಿ 6 ಎಂಎಂ ಬೋಲ್ಟುಗಳೇ ಜಾಸ್ತಿ. ಅವುಗಳ ತಲೆ ಹೆಚ್ಚಾಗಿ 10 ಎಂಎಂ, ಕೆಲವು ಕಡೆ 8. ದಿನಕ್ಕೆ ನೂರು ಸಲ ಕೈಗೆ ಸಿಗುವ ಅಳತೆ ಇದು. ಮೇಲಾಗಿ ಈ ಬೋಲ್ಟು ಬಡವ. ಮ್ಯಾನುಯಲ್‌ಗಳಲ್ಲಿ ಇದಕ್ಕೆ ಹೇಳುವ ಬಿಗಿತ ಸುಮಾರು 10ರಿಂದ 12 ನ್ಯೂಟನ್ ಮೀಟರ್ ಮಾತ್ರ. ಸ್ವಲ್ಪ ಜಾಸ್ತಿ ಆದರೆ ಎಳೆ ಹೋಗುತ್ತದೆ, ಇಲ್ಲವೇ ಬೋಲ್ಟೇ ತುಂಡಾಗುತ್ತದೆ.

ಒಂದು ಕಬ್ಬಿಣದ ಆ್ಯಂಗಲ್ ಪಟ್ಟಿಗೆ 20 ತೂತು ಹೊಡೆದು, 20 ಬೋಲ್ಟು ಹಾಕಿ, ಎಲ್ಲ ನಟ್ಟನ್ನೂ ಬಿಗಿತ ಅಳೆಯುವ ಟಾರ್ಕ್ ರೆಂಚಿನಿಂದ ಒಂದೇ ಸಮ ಬಿಗಿದೆ. ಉಪ್ಪುನೀರು ಚಿಮುಕಿಸಿ ತಗಡಿನ ಮೇಲೆ ಇಟ್ಟೆ. ಇಡೀ ಮಳೆಗಾಲ ಅಲ್ಲೇ ಇತ್ತು. ದಸರಾ ಹೊತ್ತಿಗೆ ಇಳಿಸಿದಾಗ ನಟ್ಟುಗಳು ಇಟ್ಟಂಗಿ ಬಣ್ಣಕ್ಕೆ ತಿರುಗಿದ್ದವು. ಎಣ್ಣೆ ಬಿಡದೆ ಒಂದೊಂದಕ್ಕೆ ಒಂದೊಂದು ಸಾಮಾನು ಹಾಕುತ್ತಾ ಹೋದೆ.

ಮೊದಲು ಫಿಕ್ಸ್ ಪಾನಾ. ಎರಡೂ ಕಡೆ ಬಾಯಿ ಇರುವ ನಮ್ಮ ಹತ್ತು-ಹನ್ನೊಂದು. ನಾಲ್ಕು ನಟ್ಟಿಗೆ ಹಾಕಿದೆ. ಎರಡು ಬಿಚ್ಚಿದವು, ಎರಡರ ಮೂಲೆ ಸವೆದು ಗುಂಡಗಾದವು. ಇದು ಪಾನಾದ ತಪ್ಪಲ್ಲ. ನಟ್ಟಿಗೆ ಆರು ಬದಿ ಇವೆ, ಈ ಪಾನಾ ಹಿಡಿಯುವುದು ಎರಡನ್ನೇ. ಜೋರು ಹಾಕಿದರೆ ಬಾಯಿ ಕೂದಲೆಳೆಯಷ್ಟು ಅಗಲವಾಗುತ್ತದೆ, ಆಗ ಬಲವೆಲ್ಲ ಎರಡು ಮೂಲೆಗಳ ಮೇಲೆ ಬೀಳುತ್ತದೆ. ರಿಂಗ್ ಪಾನಾ ಆರೂ ಮೂಲೆ ಸುತ್ತ ಹಿಡಿಯುತ್ತದೆ. ಅದಕ್ಕೆ ಕೊಟ್ಟ ನಾಲ್ಕರಲ್ಲಿ ಒಂದು ಮಾತ್ರ ಕೆಟ್ಟಿತು. ಅದರ ತುಕ್ಕು ಎಷ್ಟಿತ್ತೆಂದರೆ ನಟ್ಟೇ 10 ಎಂಎಂ ಉಳಿದಿರಲಿಲ್ಲ.

ಹಾಗಾದರೆ ಫಿಕ್ಸ್ ಪಾನಾ ಬೇಡವಾ? ಬೇಕೇ ಬೇಕು. ಕ್ಲಚ್ ಕೇಬಲ್‌ನ ಅಡ್ಜಸ್ಟರ್ ಮೇಲಿನ ಲಾಕ್‌ನಟ್ ನೋಡಿ. ಕೇಬಲ್ ಅದರ ಮಧ್ಯದಿಂದಲೇ ಹಾದುಹೋಗುತ್ತದೆ. ರಿಂಗ್ ಹಾಕಬೇಕು ಅಂದರೆ ಕೇಬಲ್ಲನ್ನೇ ಬಿಚ್ಚಿ ಅದರೊಳಗೆ ತೂರಿಸಬೇಕು. ಗೋಟಿಯಂತೂ ಹತ್ತಿರ ಹೋಗಲ್ಲ. ಅಲ್ಲಿ ಬಾಯಿ ತೆರೆದ ಪಾನಾ ಪಕ್ಕದಿಂದ ಸುಮ್ನೆ ಹೋಗಿ ಕೂರುತ್ತದೆ. ಇನ್ನೊಂದು ಗುಣ ಇದೆ, ಕಲಿಯುವ ಹುಡುಗರಿಗೆ ನಾನು ಮೊದಲ ದಿನವೇ ತೋರಿಸುತ್ತೇನೆ. ಪಾನಾದ ಬಾಯಿ ಹಿಡಿಗೆ ನೇರವಾಗಿಲ್ಲ, 15 ಡಿಗ್ರಿ ಓರೆ ಇದೆ. ಇಕ್ಕಟ್ಟಿನಲ್ಲಿ ಒಂದು ಸಲ ತಿರುಗಿಸಿ, ಪಾನಾ ಮಗುಚಿ ಹಾಕಿ ಇನ್ನೊಂದು ಸಲ ತಿರುಗಿಸಿದರೆ, 30 ಡಿಗ್ರಿ ಜಾಗದಲ್ಲೇ ನಟ್ಟು ಬಿಚ್ಚಿಕೊಂಡು ಬರುತ್ತದೆ. ಇದನ್ನು ಮೊದಲು ಯೋಚಿಸಿದವನಿಗೆ ನಾನು ಮನಸ್ಸಿನಲ್ಲೇ ಕೈ ಮುಗಿದಿದ್ದೇನೆ.

ಕಾಂಬಿನೇಶನ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ರಿಂಗ್ ಕಡೆಯಿಂದ ಸಡಿಲಿಸಿ ಬಾಯಿ ಕಡೆಯಿಂದ ಬೇಗ ಬಿಚ್ಚಬಹುದು. ಊರಿಗೆ ಹೋಗುವಾಗ ಬೈಕ್ ಬ್ಯಾಗಿನಲ್ಲಿ ಇಡಲು ಇದೇ ಸರಿ.

ಈಗ ಟಿ ಪಾನಾ ಮತ್ತು ರ‍್ಯಾಚೆಟ್. ರ‍್ಯಾಚೆಟ್ ಅಂದರೆ ಗೋಟಿ ಸಿಕ್ಕಿಸುವ, ಒಂದೇ ದಿಕ್ಕಿಗೆ ಹಿಡಿಯುವ ಹಲ್ಲಿನ ಹಿಡಿ. ಇವೆರಡರ ಜಗಳ ಎಲ್ಲ ಗ್ಯಾರೇಜಿನಲ್ಲೂ ಇದೆ. ಹೊಸ ಹುಡುಗರಿಗೆ ರ‍್ಯಾಚೆಟ್ ಇಷ್ಟ, ಹಳಬರಿಗೆ ಟಿ. ನಾನು ಒಂದೇ ಇಂಜಿನ್ನಿನ ಸೈಡ್ ಕವರನ್ನು ಎರಡರಿಂದಲೂ ಮೂರು ಮೂರು ಸಲ ಬಿಚ್ಚಿ ಹಾಕಿದೆ. ಪ್ರತಿ ಸಲವೂ ಟಿ ಪಾನಾ ಮೊದಲು ಮುಗಿಸಿತು. ಕಾರಣ ಸರಳ. ಸಡಿಲವಾದ ಮೇಲೆ ಟಿ ಪಾನಾದ ಕಾಂಡವನ್ನು ಎರಡು ಬೆರಳಲ್ಲಿ ಹಿಡಿದು, ಅಡ್ಡಕೋಲನ್ನು ಇನ್ನೊಂದು ಕೈಯಿಂದ ಬುಗುರಿ ತರ ತಿರುಗಿಸಬಹುದು. ಬೋಲ್ಟು ಸರ್ರನೆ ಹೊರಗೆ. ರ‍್ಯಾಚೆಟ್ ಹಿಂದೆ ಮುಂದೆ ಆಡುತ್ತಾ ಇರಬೇಕು. ಬೋಲ್ಟು ಪೂರ್ತಿ ಸಡಿಲವಾದರೆ ಒಳಗಿನ ಹಲ್ಲು ಜಾರದೆ, ಬೋಲ್ಟೂ ಜೊತೆಗೆ ವಾಪಸ್ ತಿರುಗುತ್ತದೆ.

ವೇಗಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಅರ್ಧ ಇಂಚಿನ ರ‍್ಯಾಚೆಟ್‌ನ ಹಿಡಿ (ಗೋಟಿ ಸಿಕ್ಕಿಸುವ ಚೌಕ ಅರ್ಧ ಇಂಚಿನದು) ಸುಮಾರು 250 ಎಂಎಂ ಇರುತ್ತದೆ. ಅದರ ತುದಿಯಲ್ಲಿ ಐದು ಕೆ.ಜಿ. ಭಾರದಷ್ಟು ಒತ್ತಿದರೆ ಸಾಕು, 12 ನ್ಯೂಟನ್ ಮೀಟರ್ ದಾಟುತ್ತದೆ. ಐದು ಕೆ.ಜಿ. ಅಂದರೆ ಕೈಗೆ ಏನೂ ಅಲ್ಲ. ಹತ್ತರ ಕಾಂಬಿನೇಶನ್ ಪಾನಾ ಅದರ ಅರ್ಧಕ್ಕಿಂತ ಸ್ವಲ್ಪವೇ ಉದ್ದ. ಅಷ್ಟೇ ಬಿಗಿತಕ್ಕೆ ಅದರಲ್ಲಿ ಒಂಬತ್ತು ಕೆ.ಜಿ. ಬೇಕು. ಪಾನಾದ ಉದ್ದವೇ ಬೋಲ್ಟನ್ನು ಕಾಪಾಡುವಂತೆ ಇಟ್ಟಿದ್ದಾರೆ. ಸಣ್ಣ ನಂಬರಿನ ಪಾನಾ ಗಿಡ್ಡ, ದೊಡ್ಡ ನಂಬರಿನದು ಉದ್ದ ಯಾಕೆ ಅಂತ ನನಗೆ ಹೊಳೆದದ್ದು ಈ ಲೆಕ್ಕ ಹಾಕಿದ ಮೇಲೆ. ಕೆಲಸಕ್ಕೆ ಸೇರಿದ ಎರಡನೇ ವರ್ಷ, ಒಬ್ಬರ ಸ್ಕೂಟರಿನ ಹೆಡ್ ಕವರ್ ಬೋಲ್ಟನ್ನು ರ‍್ಯಾಚೆಟ್‌ನಿಂದ ಬಿಗಿಯುವಾಗ ತುಂಡು ಮಾಡಿದ್ದೆ. ಒಳಗೆ ಉಳಿದ ತುಂಡನ್ನು ಡ್ರಿಲ್ ಹಾಕಿ ತೆಗೆಯಲು ಅರ್ಧ ದಿನ ಹೋಯಿತು. ಆ ಸದ್ದು ಇನ್ನೂ ಕಿವಿಯಲ್ಲಿದೆ. ಟಿ ಪಾನಾದಲ್ಲಿ ಎರಡೂ ಕೈ ಸಮ ಬೀಳುತ್ತವೆ, ಬಿಗಿ ಎಷ್ಟಾಯಿತು ಅಂತ ಅಂಗೈಗೆ ತಿಳಿಯುತ್ತದೆ.

ಹಾಗಂತ ರ‍್ಯಾಚೆಟ್ ಬಿಡಲಾಗದು. ಅಡ್ಡಕೋಲು ಪೂರ್ತಿ ತಿರುಗಲು ಜಾಗ ಇಲ್ಲದ ಕಡೆ ಟಿ ಪಾನಾ ಸೋಲುತ್ತದೆ. ಅಲ್ಲಿ ರ‍್ಯಾಚೆಟ್‌ನ ಹಲ್ಲು ಎಣಿಸಿ. 24 ಹಲ್ಲಿನದು ಒಂದು ಹೆಜ್ಜೆಗೆ 15 ಡಿಗ್ರಿ ಕೇಳುತ್ತದೆ, 72 ಹಲ್ಲಿನದಕ್ಕೆ 5 ಡಿಗ್ರಿ ಸಾಕು. ಸ್ಕೂಟರಿನ ಪ್ಯಾನಲ್ ಒಳಗೆ ಕೈ ತೂರಿಸಿದಾಗ ಈ ಹತ್ತು ಡಿಗ್ರಿ ವ್ಯತ್ಯಾಸ ಬಹಳ ದೊಡ್ಡದು. ರಿಂಗಿನಲ್ಲೇ ಹಲ್ಲು ಕೂರಿಸಿದ ರ‍್ಯಾಚೆಟ್ ಪಾನಾ ಇನ್ನೂ ತೆಳ್ಳಗೆ, ಇನ್ನೂ ಒಳಗೆ ಹೋಗುತ್ತದೆ. ಆದರೆ ಅದರ ಹಲ್ಲು ಸಣ್ಣದು. ತುಕ್ಕು ಹಿಡಿದ ನಟ್ಟಿಗೆ ಅದನ್ನು ನಾನು ಹಾಕುವುದಿಲ್ಲ, ಹುಡುಗರಿಗೂ ಬಿಡುವುದಿಲ್ಲ. ಮೊದಲು ರಿಂಗಿನಿಂದ ಸಡಿಲಿಸಿ, ಆಮೇಲೆ ಅದು.

ಮೂರು ಗೋಟಿಗಳಲ್ಲಿ ಒಂದಕ್ಕೆ ಒಳಗೆ ಹನ್ನೆರಡು ಮೂಲೆ, ಎರಡಕ್ಕೆ ಆರು. ಹನ್ನೆರಡು ಮೂಲೆಯದು ಬೇಗ ಕೂರುತ್ತದೆ, 30 ಡಿಗ್ರಿಗೊಮ್ಮೆ ಹಿಡಿತ ಸಿಗುತ್ತದೆ. ಆರು ಮೂಲೆಯದಕ್ಕೆ 60 ಡಿಗ್ರಿ ಬೇಕು, ಕೂರಿಸಲು ಸ್ವಲ್ಪ ತಡಕಾಡಬೇಕು. ಆದರೆ ಒಮ್ಮೆ ಕೂತರೆ ಅದು ನಟ್ಟಿನ ಬದಿಯನ್ನು ಅಗಲವಾಗಿ ಹಿಡಿಯುತ್ತದೆ. ನನ್ನದರಲ್ಲಿ ಒಂದು, ಮೂಲೆಗೆ ತಾಗದೆ ಮೂಲೆಯಿಂದ ಸ್ವಲ್ಪ ಆಚೆ ಬದಿಗೆ ಒತ್ತುವಂತೆ ಕೆತ್ತಿದ್ದು. ಅಮೆರಿಕದ ಸ್ನ್ಯಾಪ್-ಆನ್ ಕಂಪನಿ ಈ ಕೆತ್ತನೆಗೆ ಫ್ಲ್ಯಾಂಕ್ ಡ್ರೈವ್ ಅಂತ ಹೆಸರಿಟ್ಟಿತು. ಈಗ ಬೇರೆಯವರೂ ಇದೇ ತತ್ವದ ಮೇಲೆ ಮಾಡುತ್ತಾರೆ. ತುಕ್ಕು ಹಿಡಿದ ಪಟ್ಟಿಯಲ್ಲಿ ಫಿಕ್ಸ್ ಪಾನಾ ಗುಂಡಗೆ ಮಾಡಿದ್ದ ಎರಡು ನಟ್ಟುಗಳಲ್ಲಿ ಒಂದನ್ನು ಇದೇ ಬಿಚ್ಚಿತು. ಇಡೀ ಪರೀಕ್ಷೆಯಲ್ಲಿ ನನಗೆ ಅತಿ ಜಾಸ್ತಿ ಖುಷಿ ಕೊಟ್ಟ ಗಳಿಗೆ ಅದು.

ಅಡ್ಜಸ್ಟೆಬಲ್ ಪಾನಾ ಸ್ವೀಡನ್ನಿನ ಯೋಹಾನ್ಸನ್ 1892ರಲ್ಲಿ ಪೇಟೆಂಟ್ ಮಾಡಿಸಿದ ರೂಪದಲ್ಲೇ ಇವತ್ತೂ ಬರುತ್ತಿದೆ. ಅದರ ಕೆಳ ದವಡೆ ಎಷ್ಟು ಬಿಗಿದರೂ ಸ್ವಲ್ಪ ಅಲ್ಲಾಡುತ್ತದೆ. ಗಟ್ಟಿ ದವಡೆಯ ಮೇಲೆ ಬಲ ಬೀಳುವಂತೆ ಎಳೆಯಬೇಕು. ಉಲ್ಟಾ ಎಳೆದರೆ ನಟ್ಟಿಗೆ ಪೆಟ್ಟು. ಜರ್ಮನಿಯ ನಿಪೆಕ್ಸ್ ಪ್ಲೈಯರ್ ರೆಂಚ್ ಬೇರೆ ದಾರಿ ಹಿಡಿದಿದೆ. ಅದರ ಎರಡು ದವಡೆ ಯಾವಾಗಲೂ ಸಮಾನಾಂತರ, ಮುಖ ನುಣುಪು. ಕೈ ಹಿಚುಕಿದ ಬಲವನ್ನು ಹತ್ತು ಪಟ್ಟು ಮಾಡಿ ನಟ್ಟಿನ ಬದಿಗೆ ಒತ್ತುತ್ತದೆ. ಒಂದಿಷ್ಟೂ ಅಲ್ಲಾಡುವುದಿಲ್ಲ. ಕ್ರೋಮ್ ನಟ್ಟಿನ ಮೇಲೂ ಗೀರು ಬೀಳಲಿಲ್ಲ. ಅದರ ದುಡ್ಡಿನಲ್ಲಿ ಒಂದು ಪೂರ್ತಿ ಗೋಟಿ ಸೆಟ್ ಬರುತ್ತದೆ, ನಿಜ. ಹತ್ತರ ನಟ್ಟಿಗಷ್ಟೇ ಆದರೆ ಅದು ಬೇಡ. ಆದರೆ ಬುಲೆಟ್ ಬಂದಾಗ ಬೇಕಾಗುತ್ತದೆ.

ಹಳೆಯ ಬುಲೆಟ್‌ಗಳಲ್ಲಿ ಬ್ರಿಟಿಷ್ ಅಳತೆಯ ನಟ್ಟುಗಳಿವೆ. ಜೋಸೆಫ್ ವಿಟ್‌ವರ್ತ್ 1841ರಲ್ಲಿ ಸೂಚಿಸಿದ ಅಳತೆಯಿಂದ ಬಂದ ವಂಶ ಅದು. ಈ ಪಾನಾಗಳ ಮೇಲಿನ ನಂಬರು ಬಾಯಿಯ ಅಗಲ ಅಲ್ಲ, ಬೋಲ್ಟಿನ ದಪ್ಪ. 1/4 ಅಂತ ಬರೆದ ವಿಟ್‌ವರ್ತ್ ಪಾನಾದ ಬಾಯಿ ಸುಮಾರು 13.3 ಎಂಎಂ. ನಮ್ಮ ಹದಿಮೂರು ಹಾಕಿದರೆ ಹೋಗಲ್ಲ, ಹದಿನಾಲ್ಕು ಹಾಕಿದರೆ ಜಾರುತ್ತದೆ. ಎಷ್ಟೋ ಬುಲೆಟ್‌ಗಳ ನಟ್ಟು ಗುಂಡಗಾಗಿರುವುದು ಈ ಹದಿನಾಲ್ಕರಿಂದಲೇ. ನಾನು ಮೂರು ವಿಟ್‌ವರ್ತ್ ಪಾನಾ ಹುಡುಕಿದ್ದು ಮಂಗಳವಾರ ಪೇಟೆಯ ಜೂನಾ ಬಜಾರಿನಲ್ಲಿ. ಬುಧವಾರ, ಭಾನುವಾರ ಸೇರುವ ಹಳೇ ಸಾಮಾನಿನ ಸಂತೆ ಅದು. ಗೋಣಿತಟ್ಟಿನ ಮೇಲೆ ಸುರಿದ ರಾಶಿಯಲ್ಲಿ ಕೂತು ಒಂದೊಂದೇ ಎತ್ತಿ, ಬೆರಳಿನಿಂದ ತುಕ್ಕು ಉಜ್ಜಿ, ನಂಬರು ಓದಬೇಕು. ಭಾನುವಾರ ಬೆಳಿಗ್ಗೆ ಇದಕ್ಕಿಂತ ಒಳ್ಳೆಯ ಜಾಗ ಪುಣೆಯಲ್ಲಿ ನನಗೆ ಗೊತ್ತಿಲ್ಲ.

ನನ್ನ ಎರಡನೇ ರಿಂಗ್ ಪಾನಾ ಕೂಡ ಅಲ್ಲಿಯದೇ. 60 ರೂಪಾಯಿ ಕೊಟ್ಟೆ. ಹೆಸರು ಸವೆದು ಹೋಗಿದೆ, ಕ್ರೋಮ್ ಎದ್ದು ಹೋಗಿದೆ. ಇದನ್ನು ನಾಸಿಕ್‌ನಲ್ಲಿ ಕಾರ್ಖಾನೆ ಇರುವ ಟಪಾರಿಯಾದ ಹೊಸ ರಿಂಗ್ ಪಾನಾದ ಪಕ್ಕ ಇಟ್ಟು ವರ್ನಿಯರ್‌ನಿಂದ ಅಳೆದೆ. ಹಳೆಯದರ ರಿಂಗಿನ ಹೊರ ಅಗಲ 15 ಎಂಎಂ, ಹೊಸದರದ್ದು 17. ಈ ಎರಡು ಎಂಎಂನಿಂದ ಹಳೆಯದು ಇಂಜಿನ್ ಫಿನ್ ಪಕ್ಕದ ನಟ್ಟಿಗೂ ಇಳಿಯುತ್ತದೆ. ಹೊಸದರ ಒಳಮೂಲೆಗಳು ಮಾತ್ರ ಚೂಪಾಗಿ, ಅಚ್ಚುಕಟ್ಟಾಗಿವೆ. ಹಳೆಯದರಲ್ಲಿ ಅವು ಸವೆದಿವೆ. ತುಕ್ಕಿನ ನಟ್ಟಿಗೆ ಹೊಸದು, ಇಕ್ಕಟ್ಟಿಗೆ ಹಳೆಯದು. ಬಾಯಿ ತೆರೆದ ಪಾನಾ ಮಾತ್ರ ಸಂತೆಯಲ್ಲಿ ಕೊಳ್ಳಬೇಡಿ. ಬಾಯಿ ಅಗಲವಾಗಿರುವುದು ಕಣ್ಣಿಗೆ ಕಾಣಲ್ಲ, ನಟ್ಟು ಕೆಟ್ಟ ಮೇಲೆ ತಿಳಿಯುತ್ತದೆ.

ಟಾರ್ಕ್ ರೆಂಚ್ ಎರಡು ತರ ಇಟ್ಟುಕೊಂಡಿದ್ದೇನೆ. ಕ್ಲಿಕ್ ಅನ್ನುವುದು ಬೇಗ, ಕತ್ತಲಲ್ಲೂ ನಡೆಯುತ್ತದೆ. ಕೆಲಸ ಮುಗಿದ ಮೇಲೆ ಸ್ಪ್ರಿಂಗನ್ನು ಕೆಳಗಿನ ಅಂಕಿಗೆ ಇಳಿಸಿಡಬೇಕು. ಮುಳ್ಳಿನ ಪಟ್ಟಿ ಇರುವುದರಲ್ಲಿ ಆ ತಲೆನೋವಿಲ್ಲ, ಆದರೆ ಕಣ್ಣು ನೇರ ಮೇಲಿಂದ ನೋಡಬೇಕು. ಒಂದು ಮಾತು ನೆನಪಿಡಿ: 40 ನ್ಯೂಟನ್ ಮೀಟರ್‌ನಿಂದ ಶುರುವಾಗುವ ಅರ್ಧ ಇಂಚಿನ ಟಾರ್ಕ್ ರೆಂಚ್ ಹತ್ತರ ನಟ್ಟಿಗೆ ಉಪಯೋಗಕ್ಕೇ ಬರಲ್ಲ. ಸಣ್ಣದನ್ನೇ ಕೊಳ್ಳಿ.

ನಟ್ಟಿನ ಮಾತು ಬಿಟ್ಟು ಒಂದು ಸ್ಕ್ರೂ ಮಾತು ಹೇಳಲೇಬೇಕು. ಜಪಾನಿ ಕಾರ್ಬೊರೇಟರ್‌ನ ಸ್ಕ್ರೂ ನೋಡಲು ನಮ್ಮ ಸ್ಟಾರ್ ಸ್ಕ್ರೂ ತರವೇ ಇದೆ, ಆದರೆ ಅದು ಜೆಐಎಸ್, ಅಂದರೆ ಜಪಾನಿನ ಕೈಗಾರಿಕಾ ಮಾನಕದ ಅಳತೆ. ತಲೆಯ ಮೇಲೆ ಹೆಚ್ಚಾಗಿ ಒಂದು ಸಣ್ಣ ಚುಕ್ಕೆ ಇರುತ್ತದೆ. ಸಾಮಾನ್ಯ ಫಿಲಿಪ್ಸ್ ಡ್ರೈವರ್ ಹಾಕಿದರೆ ತಳ ಮುಟ್ಟುವ ಮೊದಲೇ ಎದ್ದು ಜಾರುತ್ತದೆ. ಒಸಾಕಾದ ವೆಸೆಲ್ ಕಂಪನಿಯ ಡ್ರೈವರ್ ಕೂರಿಸಿ ನೋಡಿದಾಗ, ಸ್ಕ್ರೂ ಬಿಟ್ಟರೂ ಬೀಳದೆ ತುದಿಯಲ್ಲೇ ನಿಂತಿತು. ಇಷ್ಟು ವರ್ಷ ಹಾಳಾದ ಸ್ಕ್ರೂಗಳೆಲ್ಲ ಆಗ ನೆನಪಾದವು.

ಈಗ ನನ್ನ ಏಪ್ರನ್ನಿನಲ್ಲಿ ಇರುವ ನಾಲ್ಕು ಯಾವುವು ಅಂದರೆ: ಉದ್ದನೆಯ ಟಿ ಪಾನಾ, ಹತ್ತು-ಹನ್ನೊಂದರ ಫಿಕ್ಸ್ ಪಾನಾ, ಹೊಸ ರಿಂಗ್, ಆರು ಮೂಲೆಯ ಗೋಟಿ. ಉಳಿದ ಹತ್ತೂ ಗೋಡೆಯಲ್ಲಿವೆ, ಎಣ್ಣೆ ಬಟ್ಟೆಯಲ್ಲಿ ಒರೆಸಿ ಇಟ್ಟಿದ್ದೇನೆ. ಒಂದನ್ನೂ ಮಾರುವುದಿಲ್ಲ.

ಮೊನ್ನೆ 100 ಸಿಸಿ ಬೈಕೊಂದು ಬಂತು. ಸೈಲೆನ್ಸರ್ ಬೆಂಡಿನ ಎರಡು ನಟ್ಟೂ ತುಕ್ಕು ತಿಂದು ಅರ್ಧ ಕರಗಿದ್ದವು. ಅಫಜಲಪುರದ ಹುಡುಗ ನನ್ನ ಹತ್ತಿರ ಕಲಿಯುತ್ತಿದ್ದಾನೆ. ನಾನು ಏನೂ ಹೇಳಲಿಲ್ಲ. ಅವನು ಫಿಕ್ಸ್ ಪಾನಾ ಕೈಗೆತ್ತಿಕೊಂಡು, ಹಾಗೇ ವಾಪಸ್ ಇಟ್ಟು, ಗೋಡೆ ಕಡೆ ಹೋಗಿ ಬದಿಗೆ ಒತ್ತುವ ಆ ಗೋಟಿಯನ್ನೇ ತಂದ. "ಅಣ್ಣಾ, ಇದು ಹಾಕ್ಲಿ?" ಅಂದ. ಎಣ್ಣೆ ಬಿಟ್ಟು, ಸಣ್ಣ ಸುತ್ತಿಗೆಯಿಂದ ಎರಡು ಪೆಟ್ಟು ಕೊಟ್ಟು ಕೂರಿಸಿದ. ಮೊದಲ ನಟ್ಟು ಕಿರ್ರ್ ಅಂತ ಬಿಟ್ಟಿತು. ಎರಡನೆಯದೂ ಬಂತು.

ಮಾವ ಸ್ಟೂಲ್ ಮೇಲಿಂದ ಚಹಾದ ಗ್ಲಾಸ್ ಕೆಳಗಿಟ್ಟರು. "ಅದು ಆರು ಮೂಲೀದೇನು?" ಅಂತ ಕೈ ಚಾಚಿದರು. "ತಾ ಇಲ್ಲೆ, ನೋಡೂನು."