ವೃದ್ಧಾಶ್ರಮದ ಉಳಿದ ಗುಳಿಗೆ ವಾಪಸ್ ಪಡೆಯುವ ಮೆಡಿಕಲ್, ವಿಜಯಪುರ: ಐದಕ್ಕೆ ಮೂರು ಅಂಕ

ವೃದ್ಧಾಶ್ರಮಗಳಿಗೆ ತಿಂಗಳ ಔಷಧ ಒದಗಿಸುವ ಈ ಮೆಡಿಕಲ್‌ನವರು ಉಳಿದದ್ದನ್ನು ವಾಪಸ್ ತಗೊಳ್ಳುತ್ತಾರೆ. ಬಿಪಿ ಗುಳಿಗೆ ಅಮ್ಲೋಡಿಪಿನ್ 5 ಮಿಲಿಗ್ರಾಂನಿಂದ 2.5ಕ್ಕೆ ಇಳಿದರೆ, ಇಲ್ಲವೇ ಹಿರಿಯರೊಬ್ಬರು ತೀರಿಕೊಂಡರೆ, ಒಡೆಯದ ಶೀಟುಗಳು ಕಪಾಟಿನಲ್ಲೇ ಕೂತುಬಿಡುತ್ತವೆ. ಷರತ್ತು ಮೂರೇ: ಪೂರ್ತಿ ಶೀಟು, ಬಿಲ್ಲಿನಲ್ಲಿರುವುದೇ ಬ್ಯಾಚ್ ನಂಬರ್, ಎಕ್ಸ್‌ಪೈರಿಗೆ ಇನ್ನೂ 6 ತಿಂಗಳು. ರೊಕ್ಕ ಕೈಗೆ ಕೊಡುವುದಿಲ್ಲ, ಮುಂದಿನ ಬಿಲ್ಲಿನಲ್ಲಿ ಮುರಿದುಕೊಳ್ಳುತ್ತಾರೆ. ಲೆಕ್ಕ ಚೊಕ್ಕ.

ಕೆಲಸ ಕೆಡುವುದು ಕತ್ತರಿಯಿಂದ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿಯ ಡಬ್ಬಿ ತುಂಬಲು ಸಿಸ್ಟರ್‌ಗಳು ಶೀಟು ತುಂಡರಿಸುತ್ತಾರೆ. ಬ್ಯಾಚು, ಎಕ್ಸ್‌ಪೈರಿ ಅಚ್ಚಾಗಿರುವುದು ಹೆಚ್ಚಾಗಿ ಒಂದೇ ಅಂಚಿನಲ್ಲಿ. ಆ ತುದಿ ಮೊದಲು ಹೋದರೆ ಉಳಿದ ಆರೇಳು ಗುಳಿಗೆ ಯಾವಾಗಿನವು ಅಂತ ಆಶ್ರಮದವರಿಗೂ ತಿಳಿಯುವುದಿಲ್ಲ. ಅಚ್ಚಿಲ್ಲದ ತುದಿಯಿಂದ ಕತ್ತರಿಸಿ ಅಂತ ಔಷಧ ಕೊಡುವಾಗಲೇ ಹೇಳಿದರೆ ಸಾಕಿತ್ತು, ಹೇಳುವುದಿಲ್ಲ. ಡೋಸು ಇನ್ನೂ ಒಂದು ಹದಕ್ಕೆ ಬಾರದವರಿಗೆ 30 ದಿನದ ಬದಲು 15 ದಿನದ್ದು ತರಿಸುವುದೇ ಲೇಸು.

ದೊಡ್ಡ ತಪ್ಪು ಬೇರೆಯದು. ವಾಪಸ್ ಬಂದ ಶೀಟು ಎಲ್ಲಿತ್ತು ಅಂತ ಕೌಂಟರಿನಲ್ಲಿ ಕೇಳುವುದೇ ಇಲ್ಲ. ಪೊಟ್ಟಣದ ಮೇಲೆ 25 ಇಲ್ಲವೇ 30 ಡಿಗ್ರಿ ಒಳಗಿಡಿ ಅಂತಿರುತ್ತದೆ. ಇಲ್ಲಿನ ಬೇಸಿಗೆ 40 ದಾಟುತ್ತದೆ, ತಗಡಿನ ಕೆಳಗಂತೂ ಕೇಳಬೇಡಿ. ಕಾವಿಗೆ ಸತ್ವ ಕಳೆದುಕೊಂಡ ಥೈರಾಯ್ಡ್ ಗುಳಿಗೆ ಥೈರಾಕ್ಸಿನ್ ನೋಡಲು ಹೊಸದರಂತೆಯೇ ಇರುತ್ತದೆ. ಮಾರ್ಚ್‌ನಿಂದ ಮೇವರೆಗಿನ ವಾಪಸಾತಿಯನ್ನು ಬೇರೆ ಇಟ್ಟು, ಇಟ್ಟ ಜಾಗ ವಿಚಾರಿಸದೆ ಮತ್ತೊಬ್ಬರಿಗೆ ಕೊಡಬಾರದು. ಇನ್ಸುಲಿನ್, ಸಿರಪ್, ಕಣ್ಣಿನ ಹನಿ ಮುಟ್ಟುವುದಿಲ್ಲ, ಸರಿಯೇ ಇದೆ. ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲೇ ಇತ್ತು ಅನ್ನಲು ಪುರಾವೆ ಯಾರ ಹತ್ತಿರ ಇರುತ್ತದೆ?

ಆತಂಕಕ್ಕೆ ಕೊಡುವ ಅಲ್ಪ್ರಜೋಲಮ್, ನೋವಿಗೆ ಕೊಡುವ ಟ್ರಮಡಾಲ್‌ಗಳನ್ನು ಬಾಯಿಮಾತಿನಲ್ಲೇ ವಾಪಸ್ ತಗೊಳ್ಳುತ್ತಾರೆ. ಇವು ಮಾರಾಟಕ್ಕೆ ಬಿಗಿ ಲೆಕ್ಕ ಇಡಬೇಕಾದ ಔಷಧಗಳ ಸರ್ಕಾರಿ ಪಟ್ಟಿ, ಅಂದರೆ ಎಚ್1 ಪಟ್ಟಿಯವು. ಮಾರುವಾಗ ಡಾಕ್ಟರ, ರೋಗಿಯ ಹೆಸರು, ಪ್ರಮಾಣ ರಿಜಿಸ್ಟರಿನಲ್ಲಿ ಬರೆದು 3 ವರ್ಷ ಇಡಬೇಕು. ಹೋದದ್ದಕ್ಕೆ ದಾಖಲೆ ಇದ್ದು ಬಂದದ್ದಕ್ಕೆ ಇಲ್ಲದಿದ್ದರೆ ನಡುವೆ ಎಷ್ಟು ಜಾರಿತೋ ದೇವರೇ ಬಲ್ಲ. ಎಣಿಸಿ, ಸಹಿ ಮಾಡಿದ ಚೀಟಿ ಇಲ್ಲದೆ ಕೊಡಬೇಡಿ.

ಬೇಡವೆಂದ ಮಾಲನ್ನು ಆಶ್ರಮಕ್ಕೇ ತಿರುಗಿ ಕಳಿಸುತ್ತಾರೆ, ಅದು ಕಸದ ಗಾಡಿಗೆ ಹೋಗುತ್ತದೆ. ಅವಧಿ ಮೀರಿದ ಔಷಧಕ್ಕೆ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಲ್ಲಿ ಹಳದಿ ಚೀಲವಿದೆ. ಅಂಗಡಿಯಲ್ಲಿ ಒಂದು ನೇತುಹಾಕಿದರೆ ಕೈ ಸವೆಯುವುದಿಲ್ಲ.

ಇನ್ನೊಂದು: ಶೀಟಿನ ಮೇಲೆ ಪೆನ್ನಿನಲ್ಲಿ ಹಿರಿಯರ ಹೆಸರು ಬರೆಯಬೇಡಿ, ಬರೆದದ್ದನ್ನು ತಗೊಳ್ಳುವುದಿಲ್ಲ. ಹೆಸರು ಚೀಲದ ಮೇಲಿರಲಿ.