ಮದುವೆ ವಿಡಿಯೋ ಎತ್ತಿಡಲು ಯುಎಸ್‌ಬಿ ಬ್ಲೂ-ರೇ ರೈಟರ್: ವರ್ಷಗಟ್ಟಲೆ ಬಳಸಿದ ಮೇಲೆ

ರೇಟಿಂಗ್: 5ಕ್ಕೆ 4

ದಾವಣಗೆರೆಯ ಸ್ಟುಡಿಯೋಗಳಲ್ಲಿ ಗಿರಾಕಿಗೆ ಈಗ ಪೆನ್‌ಡ್ರೈವ್ ಕೊಡುವುದೇ ರೂಢಿ. ಮೂಲ ಫೈಲು ಎತ್ತಿಡಲು ಮಾತ್ರ ಬ್ಲೂ-ರೇ ಡಿಸ್ಕಿಗೆ ಬರೆಯುವ ಈ ಸ್ಲಿಮ್ ರೈಟರ್ ಇವತ್ತಿಗೂ ಬೇಕು. ಡ್ರೈವ್ ಗಟ್ಟಿಯಾಗಿದೆ. ಬರೆದದ್ದು ಉಳಿಯುತ್ತದೋ ಇಲ್ಲವೋ ಎನ್ನುವುದನ್ನು ಕರೆಂಟು ಮತ್ತು ಡಿಸ್ಕ್ ತೀರ್ಮಾನಿಸುತ್ತವೆ.

ಯುಎಸ್‌ಬಿ 2.0 ಪೋರ್ಟಿಗೆ 500 ಮಿಲಿಆಂಪಿಯರ್ ಮಿತಿ, 3.0ಗೆ 900. ಬರೆಯುವಾಗ ಲೇಸರ್, ಮೋಟಾರ್ ಎರಡೂ ಒಟ್ಟಿಗೆ ಕರೆಂಟು ಎಳೆಯುತ್ತವೆ. ಓದುವಾಗ ಸರಿಯಿದ್ದು ಬರೆಯುವಾಗಷ್ಟೇ ಡ್ರೈವ್ ಮಾಯವಾದರೆ ಮೊದಲು ಕೇಬಲ್ ನೋಡಿ. ಕಂಪ್ಯೂಟರ್ ಕ್ಯಾಬಿನೆಟ್ಟಿನ ಹಿಂಬದಿಯ ಪೋರ್ಟ್‌ಗೆ ಗಿಡ್ಡ ಕೇಬಲ್ ಹಾಕಿ, ಇಲ್ಲವೇ ಅಡಾಪ್ಟರ್ ಇರುವ ಹಬ್ ಬಳಸಿ. ಪ್ರತಿ ಸಲ ಬರೆಯುವ ಮುನ್ನ ಡ್ರೈವ್ ಡಿಸ್ಕಿನ ಒಳಅಂಚಿನಲ್ಲಿ ಲೇಸರ್ ಶಕ್ತಿ ಪರೀಕ್ಷಿಸಿಕೊಳ್ಳುತ್ತದೆ. ‘ಪವರ್ ಕ್ಯಾಲಿಬ್ರೇಷನ್ ಎರರ್’ ಬರುವುದು ಅಲ್ಲೇ: ಕರೆಂಟು ಸಾಲದು, ಲೆನ್ಸ್ ಮೇಲೆ ಧೂಳು ಕೂತಿದೆ ಅಥವಾ ಡಿಸ್ಕ್ ಕಳಪೆ. ಪಿ.ಬಿ. ರಸ್ತೆಯಂಥ ಧೂಳಿನ ಕಡೆ ಅಂಗಡಿಯಿದ್ದರೆ ಟ್ರೇ ತೆರೆದಿಡಲೇಬೇಡಿ.

ಡಿಸ್ಕ್ ಕೊಳ್ಳುವಾಗ ಡಬ್ಬಿಯ ಮೇಲಿನ ಅಕ್ಷರ ಓದಿ. ಒಮ್ಮೆ ಮಾತ್ರ ಬರೆಯಬಹುದಾದ ಬ್ಲೂ-ರೇ ಡಿಸ್ಕ್, ಅಂದರೆ ಬಿಡಿ-ಆರ್‌ನಲ್ಲಿ ಎಚ್‌ಟಿಎಲ್, ಎಲ್‌ಟಿಎಚ್ ಎಂದು ಎರಡು ಬಗೆ. ಎಲ್‌ಟಿಎಚ್‌ನಲ್ಲಿರುವುದು ಡಿವಿಡಿ-ಆರ್‌ನಂತೆಯೇ ಸಾವಯವ ಬಣ್ಣ, ಬಿಸಿಲು-ಸೆಕೆಗೆ ಅದು ಮಾಸುತ್ತದೆ. ಎಚ್‌ಟಿಎಲ್‌ನದು ಲೋಹಮೂಲದ ಪದರ. ನಮ್ಮ ಕಡೆಯ ಏಪ್ರಿಲ್-ಮೇ ನೆನೆದರೆ ಎಲ್‌ಟಿಎಚ್ ಎಷ್ಟು ಅಗ್ಗವಾದರೂ ಬೇಡ.

ಬ್ಲೂ-ರೇ ಲೇಸರಿನ ಅಲೆಯುದ್ದ 405 ನ್ಯಾನೋಮೀಟರ್, ಡಿವಿಡಿಯದು 650. ಅಲೆ ಗಿಡ್ಡವಾದಷ್ಟು ಡಿಸ್ಕಿನ ಮೇಲೆ ಬರೆಯುವ ಗುರುತು ಸಣ್ಣದು. ಹಾಗಾಗಿ ಒಂದು ಪದರದಲ್ಲಿ 4.7 ಜಿಬಿ ಬದಲು 25 ಜಿಬಿ ಹಿಡಿಸುತ್ತದೆ. ವಿಂಡೋಸ್ ಅದನ್ನು 23.3 ಎಂದು ತೋರಿಸುತ್ತದೆ, ಎಣಿಸುವ ಅಳತೆ ಬೇರೆ ಅಷ್ಟೇ. ಅಂಚಿನವರೆಗೂ ತುಂಬಬೇಡಿ, ಎರರ್ ಹೆಚ್ಚುವುದು ಹೊರಸುತ್ತಿನಲ್ಲೇ. 19 ಜಿಬಿಗೆ ನಿಲ್ಲಿಸಿ, ಉಳಿದ ಜಾಗದಲ್ಲಿ ಡಿವಿಡಿಸಾಸ್ಟರ್ ತಂತ್ರಾಂಶದಿಂದ ಎರರ್ ತಿದ್ದುವ ಮಾಹಿತಿ ಸೇರಿಸುವುದು ಒಳ್ಳೆಯದು. ಮುಂದೆ ಡಿಸ್ಕಿನ ಕೆಲವು ಸೆಕ್ಟರ್ (ಮಾಹಿತಿಯ ತುಣುಕು) ಹಾಳಾದರೂ ಫೈಲು ಮರಳಿ ಬರುತ್ತದೆ.

ವೇಗ 4ಎಕ್ಸ್ ಸಾಕು. ಬ್ಲೂ-ರೇಯಲ್ಲಿ 1ಎಕ್ಸ್ ಎಂದರೆ ಸೆಕೆಂಡಿಗೆ 4.5 ಎಂಬಿ, ಆ ಲೆಕ್ಕದಲ್ಲಿ ತುಂಬಿದ ಡಿಸ್ಕಿಗೆ ಸುಮಾರು 23 ನಿಮಿಷ. ಡಿಸ್ಕಿನಲ್ಲಿ ಫೈಲು ಜೋಡಿಸುವ ಬಗೆಯಾಗಿ ಯುಡಿಎಫ್ ಆಯ್ದುಕೊಳ್ಳಿ, ದೊಡ್ಡ ವಿಡಿಯೋ ಫೈಲುಗಳಿಗೆ ಅದೇ ಸರಿ. ಬರೆದದ್ದು ಸರಿಯಿದೆಯೇ ಎಂದು ನೋಡುವ ‘ವೆರಿಫೈ’ ಟಿಕ್ ತೆಗೆಯಬೇಡಿ. ಬರೆದ ಡಿಸ್ಕನ್ನು ಬೇರೊಂದು ಡ್ರೈವಿನಲ್ಲಿ ಓದಿಸಿದ ಮೇಲೆಯೇ ಹಾರ್ಡ್‌ಡಿಸ್ಕಿನಿಂದ ಅಳಿಸಿ.

ಬ್ಲೂ-ರೇಯ ಮಾಹಿತಿ ಪದರ ಓದುವ ಮೈಯಿಂದ ಬರೀ 0.1 ಮಿಲಿಮೀಟರ್ ಒಳಗಿದೆ. ಮೇಲೆ ಗಟ್ಟಿ ಲೇಪನವಿದ್ದರೂ ಒರೆಸುವಾಗ ನಡುವಿನಿಂದ ಅಂಚಿಗೆ ನೇರ ಎಳೆಯಿರಿ. ಸುತ್ತ ಉಜ್ಜಿದರೆ ಗೀರು ಟ್ರ್ಯಾಕಿನ ಉದ್ದಕ್ಕೂ ಬಿದ್ದು ಎರರ್ ತಿದ್ದುವಿಕೆಗೂ ಸಿಗದು. ಹಳೇ ಸಿಡಿಯಲ್ಲಿ ಕಥೆ ಉಲ್ಟಾ, ಪದರ ಲೇಬಲ್ಲಿನ ಕೆಳಗೇ ಇರುತ್ತದೆ. ಅದರ ಮೇಲೆ ಬಾಲ್‌ಪೆನ್ ಆಡಿಸಲೇಬಾರದು.

ಡಿಸ್ಕನ್ನು ಟ್ರೇ ನಡುವಿನ ಸ್ಪಿಂಡಲ್‌ಗೆ ಒತ್ತುವಾಗ ಟ್ರೇ ಕೆಳಗೆ ಕೈ ಕೊಡಿ, ಸ್ಲಿಮ್ ಟ್ರೇ ಬಾಗಿದರೆ ರಿಪೇರಿ ಕಷ್ಟ.

ಒಂದು ಅಂಕ ಕಡಿಮೆ ಕೊಟ್ಟದ್ದು ಡಿಸ್ಕಿನ ಅಭಾವಕ್ಕೆ. ಸೋನಿ 2025ರ ಫೆಬ್ರವರಿಯಲ್ಲಿ ಬರೆಯುವ ಬ್ಲೂ-ರೇ ಡಿಸ್ಕ್ ತಯಾರಿಕೆ ನಿಲ್ಲಿಸಿತು. ಒಳ್ಳೆಯ ಎಚ್‌ಟಿಎಲ್ ಡಬ್ಬಿ ಸಿಕ್ಕಾಗ ಮುಂದಿನ ಮದುವೆ ಸೀಸನ್ನಿಗೂ ಸೇರಿಸಿ ಕೊಳ್ಳಿ.